ಲೋಹ ತಾಕದ ನೀರು

ಮೋತಿ ಡೊಂಗರ್, ಮಡಗಾಂವ್
೯ ಜೂನ್ ೨೦೨೫, ಸೋಮವಾರ

ಸುಮೇಧಾ ಬಾಯಿಯವರಿಗೆ ಸಾವಂತ್ರೆವ್ವ ಮಾಡುವ ನಮಸ್ಕಾರಗಳು.

ನೀವು ಪುಣೆ ಮುಟ್ಟಿದಿರೋ ಇಲ್ಲವೋ ಎಂದು ಗುರುವಾರದಿಂದ ನನ್ನ ಜೀವ ಜೀವದಲ್ಲಿ ಇಲ್ಲ. ಮುಟ್ಟಿದ್ದೀರಿ ಎಂದು ನಿಮ್ಮ ಜೊತೆ ಲ್ಯಾಬಿನಲ್ಲಿದ್ದ ನಿಖಿಲ ಸರ್ ಫೋನಿಗೆ ಮೆಸೇಜ್ ಬಂದಿದೆಯಂತೆ. ಸಮಾಧಾನ ಆಯಿತು. ಆಮೇಲೆ, ಮುಟ್ಟಿದ ಮೇಲೆ ಏನಾಯಿತೋ ಎಂದು ಮತ್ತೆ ಶುರುವಾಯಿತು.

ಹೋಗುವಾಗ ನೀವು ಹೇಳಿದಿರಿ, "ಸಾವಂತ್ರಕ್ಕಾ, ಫೋನಿನಾಗ ನೀವು ಹಲೋ ಅಂದು ಇಟ್ಟುಬಿಡ್ತೀರಿ. ಪತ್ರ ಬರೀರಿ, ಕಲಿತ ಅಕ್ಷರಾನೂ ಮರೀಬಾರ್ದು" ಅಂತ. ಖರೇ ಮಾತು. ನಮ್ಮದು ಒಂದೇ ಖೋಲಿ. ಫಾತೋರ್ಡಾದ ಬಿಲ್ಡಿಂಗಿನಿಂದ ಬಿದ್ದು ನಡು ಮುರಿದುಕೊಂಡಾಗಿನಿಂದ ನಮ್ಮವರು ಹಾಸಿಗೆಯಲ್ಲೇ ಇದ್ದು ಎಲ್ಲ ಕೇಳಿಸಿಕೊಳ್ಳುತ್ತಾರೆ. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು ಬರೆದದ್ದು. ತಪ್ಪಿದ್ದರೆ ನಗಬೇಡಿರಿ. ನಕ್ಕರೂ ನನಗೆ ತಿಳಿಸಬೇಡಿರಿ.

ನಿಮ್ಮ ಲ್ಯಾಬಿನ ಕಾಯಿದೆ ಮುರಿದಿಲ್ಲ. ಒಳಗೆ ಹೋಗುವ ಮುಂಚೆ ಕಾಲುಂಗುರ, ಸೀರೆಯ ಪಿನ್ನು, ಎಲ್ಲ ಕಳಚಿ ಡಬ್ಬಿಯಲ್ಲಿ ಇಡುತ್ತೇನೆ. ಸ್ಟೀಲಿನ ಚಮಚ ಒಳಗೆ ಬಿಟ್ಟಿಲ್ಲ. ಕಾರಿಡಾರ್ ಕಸ ಹೊಡೆಯುವ ದುರ್ಗಾಬಾಯಿ ನನ್ನನ್ನು ದಿನಾ ಕಾಡುತ್ತಾಳೆ. "ಏನಬೇ, ಮುಂಜಾನೆ ಆದ್ರ ಕಾಲುಂಗುರ ತಗದ ಇಡತಿ! ಸಂಗಣ್ಣ ಇನ್ನೂ ಜೀವಂತ ಅದಾನಿಲ್ಲೋ?" ನಾನು ಹೇಳಿದೆ, "ನಮ್ಮ ಬಾಯಾರ ಕೆಲಸದಾಗ ಲೋಹದ ಧೂಳಾ ಸೈತ ಬೀಳಬಾರ್ದಬೇ."

ನಿಮ್ಮ ಕೆಲಸ ಏನು ಎಂದು ನಮ್ಮವರು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಎರಡು ಬಿಳಿ ಪುಡಿ ಕೂಡಿಸಿ ಔಷಧಿಯ ಸಾಮಾನು ಮಾಡಬೇಕಾದರೆ ನಡುವೆ ಒಂದು ಹಿಡಿದುಕೊಳ್ಳುವ ವಸ್ತು ಬೇಕು, ಕೂಡಿದ ಮೇಲೆ ಅದು ಹೊರಗೆ ಬರುತ್ತದೆ ಎಂದೆ. ಅವರು ತಟ್ಟನೆ, "ನಮ್ಮ ಸೆಂಟ್ರಿಂಗ್ ಹಲಗಿ ಇದ್ದಂಗಾತು. ಸ್ಲ್ಯಾಬ್ ಗಟ್ಟಿ ಆಗೂತನಕ ಹಿಡಕೊಂಡಿದ್ದು, ಬಿಚ್ಚಿ ಮುಂದಿನ ಮನಿಗೆ ಒಯ್ಯೂದು" ಅಂದರು. ಹೌದು, ಆದರೆ ಎಲ್ಲರೂ ಲೋಹದ ಹಲಗೆ ಹಾಕುತ್ತಾರೆ, ಅದರ ಚೂರು ಔಷಧಿಯಲ್ಲಿ ಉಳಿಯುತ್ತದೆ, ಹೊಳೆಗೂ ಹೋಗುತ್ತದೆ. ನಮ್ಮ ಬಾಯಿಯವರದು ಬರೀ ನೀರು ಮತ್ತು ಭಿರಂಡದ ಸಿಪ್ಪೆಯ ಹುಳಿ, ನಾವು ಸಾರಿಗೆ ಹಾಕುವ ಮುರುಗಲು ಎಂದೆ. ಅವರು ನನ್ನ ಕಡೆಗೆ ಮುಖ ತಿರುಗಿಸಿದರು. "ಹಂಗಾರ ಆಕಿ ದೊಡ್ಡ ಕೆಲಸಾ ಮಾಡ್ಯಾಳ" ಅಂದರು.

ಶುಕ್ರವಾರ ಔಷಧಿ ಕಂಪನಿಯವರು ನೋಡಲು ಬಂದಿದ್ದರು. ಹಿಂದಿನ ನೀರಿನ ಖೋಲಿಯಲ್ಲಿ ಮನೆಯ ಸಾಮಾನು ಒಂದೂ ಕಾಣಬಾರದು ಎಂದು ಸ್ಟೋರಿನವರು ಬೈದಿದ್ದರು. ಹಿಂದಿನ ದಿನವೇ ನನ್ನದೆಲ್ಲ ಮನೆಗೆ ಒಯ್ದು ಹಾಕಿದೆ. ನಮ್ಮ ದೊಡ್ಡ ಸಾಹೇಬರು ದಿನಕರ ಸರ್ ಖುಷಿಯಲ್ಲಿದ್ದರು. ಆಗಸ್ಟಿನಲ್ಲಿ ಪರ್ಮನೆಂಟ್ ಮಾಡುವವರ ಲಿಸ್ಟಿನಲ್ಲಿ ನನ್ನ ಹೆಸರು ಬರೆದಿದ್ದಾರಂತೆ. ಆಗುವ ತನಕ ಯಾರಿಗೂ ಹೇಳುವುದಿಲ್ಲ, ದೃಷ್ಟಿ ಆಗುತ್ತದೆ. ನಿಮಗೆ ಹೇಳಿದೆ.

ಊಟ ಸರಿ ಮಾಡಿರಿ.

ಸಾವಂತ್ರೆವ್ವ


ಪುಣೆ
೧೯ ಜೂನ್ ೨೦೨೫

ಪ್ರೀತಿಯ ಸಾವಂತ್ರಕ್ಕಾ,

ನಿಮ್ಮ ಪತ್ರ ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಸಂಗಣ್ಣನವರ ಸೆಂಟ್ರಿಂಗ್ ಹಲಗೆಯನ್ನು ಇಲ್ಲಿಯ ಸೆಮಿನಾರಿನಲ್ಲಿ ಕದ್ದು ಹೇಳಿದೆ. ಎಲ್ಲರೂ ಮೆಚ್ಚಿದರು.

ಇಲ್ಲಿ ಎಲ್ಲ ಚೆನ್ನಾಗಿದೆ. ದೊಡ್ಡ ಲ್ಯಾಬ್, ದೊಡ್ಡ ಪಾತ್ರೆಗಳು. ನಮ್ಮಲ್ಲಿ ಒಂದು ಲೋಟದಷ್ಟು ಮಾಡಿದ್ದನ್ನು ಇವರ ಎದುರು ಒಂದು ಬಕೆಟ್‌ನಷ್ಟು ಮಾಡಿ ತೋರಿಸಬೇಕು, ಅಷ್ಟೇ. ಇನ್ನೂ ಹೊಂದಿಕೊಳ್ಳುತ್ತಿದ್ದೇನೆ.

ಒಂದು ಸಣ್ಣ ವಿಷಯ, ಸುಮ್ಮನೆ ಕೇಳುತ್ತಿದ್ದೇನೆ. ಫ್ಲಾಸ್ಕುಗಳನ್ನು ಹೇಗೆ ತೊಳೆಯುತ್ತಿದ್ದಿರಿ, ಮೊದಲಿನಿಂದ ಕೊನೆಯ ತನಕ ಬರೆದು ಕಳಿಸುತ್ತೀರಾ? ಸಾಬೂನು ಯಾವುದು, ನೀರು ಎಷ್ಟು ಸಲ, ಎಲ್ಲ. ಇಲ್ಲಿ ತೊಳೆಯುವವರಿಗೆ ತೋರಿಸಲಿಕ್ಕೆ.

ನಿಮ್ಮ
ಸುಮೇಧಾ


ಮೋತಿ ಡೊಂಗರ್
೨೬ ಜೂನ್ ೨೦೨೫

ಸುಮೇಧಾ ಬಾಯಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ದಿನ ಆಯಿತು. ತೊಳೆಯುವುದರಲ್ಲಿ ನನ್ನಿಂದ ಏನು ತಪ್ಪಾಯಿತು? ಇಲ್ಲದಿದ್ದರೆ ನೀವು ಯಾಕೆ ಕೇಳುತ್ತೀರಿ? ಹತ್ತು ವರ್ಷದಿಂದ ಗಾಜು ತೊಳೆಯುತ್ತಿದ್ದೇನೆ. ಒಂದೇ ಒಂದು ಒಡೆದಿದೆ, ಅದೂ ಬೆಕ್ಕು ಹಾರಿದ್ದಕ್ಕೆ.

ಬರೆಯುತ್ತೇನೆ. ಮೊದಲು ನಳದ ನೀರು. ಆಮೇಲೆ ನೀವೇ ಕೊಟ್ಟ ಪ್ಲಾಸ್ಟಿಕ್ ಕ್ಯಾನಿನ ಸಾಬೂನು, ಬೇರೆ ಯಾವುದೂ ಅಲ್ಲ. ಪ್ಲಾಸ್ಟಿಕ್ ಬ್ರಶ್ಶು. ಮತ್ತೆ ನಳದ ನೀರು ನಾಲ್ಕು ಸಲ. ಕೊನೆಗೆ ಮಷೀನಿನ ಬಟ್ಟಿ ಇಳಿಸಿದ ನೀರು ಮೂರು ಸಲ. ಬೋರಲು ಹಾಕಿ ಒಣಗಿಸುವುದು. ಬಟ್ಟೆ ಮುಟ್ಟಿಸುವುದಿಲ್ಲ. ನಿಮ್ಮ ಟೇಬಲ್ಲಿನ ಬಾಟಲಿಗಳಲ್ಲಿ ತುಂಬುವುದೂ ಅದೇ ಮಷೀನಿನ ನೀರೇ. ಇಷ್ಟೇ ಬಾಯಾರ, ದೇವರಾಣೆ.

ಒಂದು ಚಲೋ ಸುದ್ದಿ. ನೀವು ಮಾಡುತ್ತಿದ್ದ ಕೆಲಸವನ್ನೇ ಈಗ ನಿಖಿಲ ಸರ್ ಇಲ್ಲಿ ಮಾಡುತ್ತಿದ್ದಾರೆ. ನಿಮ್ಮ ಫ್ಲಾಸ್ಕಿನ ತಳಕ್ಕೆ ಬಿಳಿ ಹರಳು ಗಚ್ಚಾಗಿ ಕೂತು, ಉಜ್ಜಿ ಉಜ್ಜಿ ನನ್ನ ರಟ್ಟೆ ಹೋಗುತ್ತಿತ್ತು. ಅವರವು ಹಾಗಿಲ್ಲ. ಒಂದೇ ನೀರಿಗೆ ಪಳಪಳ ಆಗುತ್ತವೆ. ಅವರ ಕೈ ಭಾಳ ಸ್ವಚ್ಛ ಎಂದು ದುರ್ಗಾಬಾಯಿಗೂ ಹೇಳಿದೆ.

ಸಿಟ್ಟಿದ್ದರೆ ನೇರ ಬೈದು ಬರೆಯಿರಿ.

ಸಾವಂತ್ರೆವ್ವ


ಪುಣೆ
೮ ಜುಲೈ ೨೦೨೫

ಸಾವಂತ್ರಕ್ಕಾ,

ಸಿಟ್ಟಿಲ್ಲ. ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಇಲ್ಲಿ ಆಗುತ್ತಿಲ್ಲ. ಹನ್ನೊಂದು ಸಲ ಮಾಡಿದೆ. ಅದೇ ಪುಡಿ, ಅದೇ ಹುಳಿ, ಅದೇ ಬಿಸಿ, ಅದೇ ನಾಲ್ಕು ಗಂಟೆ. ಹಾಕಿದ್ದು ಹಾಕಿದ ಹಾಗೇ ಇರುತ್ತದೆ, ಕೂಡುವುದೇ ಇಲ್ಲ. ನಿಮಗೆ ಚಲೋ ಸುದ್ದಿ ಅನ್ನಿಸಿದ ಆ ಸ್ವಚ್ಛ ಫ್ಲಾಸ್ಕಿನ ಮಾತನ್ನು ಮೂರು ಸಲ ಓದಿದೆ. ತಳದ ಆ ಬಿಳಿ ಹರಳೇ ಕೂಡಿ ಬಂದ ವಸ್ತು; ಅದು ಇಲ್ಲ ಎಂದರೆ ನಿಖಿಲನಿಗೂ ಆಗುತ್ತಿಲ್ಲ ಎಂದು ಅರ್ಥ. ಅವನು ನನಗೆ ಹೇಳಿರಲಿಲ್ಲ.

ಯಾಕೆ ಹೇಳಿರಲಿಲ್ಲ? ನಾನು ಹೊರಟ ಮೇಲೆ ನನ್ನ ಕಪಾಟಿನ ಬೀಗದ ಕೈ ಯಾರ ಹತ್ತಿರ ಇತ್ತು? ನನ್ನ ಬಾಟಲಿಗಳನ್ನು ಯಾರಾದರೂ ಮುಟ್ಟಿದ್ದು, ಬದಲಿಸಿದ್ದು ನೋಡಿದ್ದೀರಾ? ಕಣ್ಣಿಟ್ಟಿರಿ. ಯಾರಿಗೂ ಹೇಳಬೇಡಿ.

ಸಿಪ್ಪೆಯ ಹುಳಿಯಲ್ಲಿ ಲೋಹವಿಲ್ಲ ಎಂದು ಮೂರು ಕಡೆ ಪರೀಕ್ಷೆ ಮಾಡಿಸಿದ್ದೆ. ಎರಡು ವರ್ಷ ಸೋತು, ಹೋದ ಆಗಸ್ಟಿನಲ್ಲಿ ಒಂದು ದಿನ ಆಯಿತಲ್ಲ, ಅಂದಿನಿಂದ ಮೂವತ್ತೆಂಟು ಸಲ ಆಯಿತು. ಮೂವತ್ತೆಂಟು. ಅದು ಇಲ್ಲದ್ದು ಹೇಗೆ ಆದೀತು?

ಸುಮೇಧಾ


ಮೋತಿ ಡೊಂಗರ್
೧೫ ಜುಲೈ ೨೦೨೫

ಬಾಯಿಯವರಿಗೆ ನಮಸ್ಕಾರ.

ಕಣ್ಣಿಟ್ಟೆ. ನಿಖಿಲ ಸರ್ ಕಳ್ಳರಲ್ಲ. ಬೀಗದ ಕೈ ಅವರ ಹತ್ತಿರ ಇದೆ, ಆದರೆ ಅವರ ಮುಖ ನೋಡಲು ಆಗುವುದಿಲ್ಲ. ಗಡ್ಡ ಬಿಟ್ಟಿದ್ದಾರೆ. ಮೊನ್ನೆ ನನ್ನ ಮುಂದೆಯೇ, "ಮಾವಶಿ, ಇಪ್ಪತ್ತು ಸಲ ಮಾಡಿ ಸೋತೆ. ನನ್ನ ಕೈಯಾಗ ಏನ ಶನಿ ಕೂತದ?" ಅಂದರು. ನಿಮಗೆ ಹೇಳಿದರೆ ನೀವು ಹೆದರುತ್ತೀರಿ ಎಂದು ಹೇಳಿಲ್ಲವಂತೆ.

ಇದು ಬರೆಯಬಾರದು, ಆದರೂ ಬರೆಯುತ್ತೇನೆ. ನಿನ್ನೆ ದಿನಕರ ಸರ್ ಖೋಲಿಯ ಹೊರಗೆ ಕಪ್ಪು ತೊಳೆಯುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ನಿಖಿಲ ಸರ್ ನಿಂತಿದ್ದರು.

"ಮೂವತ್ತೆಂಟ ಸಲ ಆಗ್ಯದ ಅಂತ ಬರದಾಳ" ಅಂದರು ಸರ್. "ನಿನ್ನ ಕೈಲೆ ಒಮ್ಮೆನೂ ಆಗವಲ್ತು. ಪುಣೆದಾಗ ಆಕೀ ಕೈಲೇನೂ ಆಗವಲ್ತು. ಹಂಗಾರ ನಾ ಏನ ತಿಳಕೋಬೇಕಪಾ?"

"ಸರ್, ಅಕಿ ಸುಳ್ಳ ಅಂಕಿ ಬರ್ಯಾಕಿ ಅಲ್ರಿ."

"ಸಿಕ್ಕಿ ಬೀಳೂತನಕ ಯಾರೂ ಅಲ್ಲ."

ಆಗಸ್ಟ್ ಹನ್ನೊಂದಕ್ಕೆ ವಿಚಾರಣೆಯ ಕಮಿಟಿ ಕೂರುತ್ತದಂತೆ. ಕಂಪನಿಯವರು ಕಾಗದ ಬರೆದು ಕೇಳಿದ್ದಾರಂತೆ. ಸರ್ ಹೊರಗೆ ಬಂದು ನನ್ನನ್ನು ನೋಡಿದರು. ನಾನು ತೊಳೆದ ಕಪ್ಪನ್ನೇ ಮತ್ತೆ ತೊಳೆದೆ. ನನ್ನನ್ನೂ ಕರೆಯುತ್ತಾರೇನು? ತೊಳೆಯುವವಳನ್ನು ಯಾಕೆ ಕರೆಯುತ್ತಾರೆ? ಲಿಸ್ಟಿನಿಂದ ಹೆಸರು ತೆಗೆದರೆ ನಮ್ಮವರ ಗುಳಿಗೆ, ಖೋಲಿಯ ಬಾಡಿಗೆ, ಎಲ್ಲ ಎಲ್ಲಿಂದ?

ನಿಮಗೆ ಒಂದು ಮಾತು ಹೇಳಬೇಕು ಅನ್ನಿಸಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸ್ಟೋರಿನವರ ಕಾಯಿದೆಯ ಮಾತು, ಅಷ್ಟೇ. ಬಿಡಿರಿ.

ಸಾವಂತ್ರೆವ್ವ


ಪುಣೆ
೨೩ ಜುಲೈ ೨೦೨೫

ಸಾವಂತ್ರಕ್ಕಾ,

ಕಮಿಟಿಯ ಕಾಗದ ನನಗೂ ಬಂತು. ಧಾರವಾಡಕ್ಕೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ನೀನು ಕಣ್ಣಾರೆ ನೋಡಿದ್ದೆಯಲ್ಲ?" ನೋಡಿದ್ದೆ ಎಂದೆ. ಹೇಳುವಾಗ ನನ್ನ ಧ್ವನಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ.

ಇಲ್ಲಿ ಇಪ್ಪತ್ತಾರು ಸಲ ಸೋತಿದ್ದೇನೆ. ಈಗ ನನ್ನ ಹಳೆಯ ನೋಟ್‌ಬುಕ್ ತೆರೆದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಆಗಲೇಬೇಕು ಎಂಬ ಆಸೆಯಲ್ಲಿ ಇಲ್ಲದ್ದನ್ನು ಕಂಡೆನೇ? ಒಂದು ಅಂಕಿ, ಎರಡು ಅಂಕಿ ಮೇಲೆ ಬರೆದೆನೇ? ನೆನಪಿಲ್ಲ. ನೆನಪಿಲ್ಲದಿರುವುದೇ ತಪ್ಪೊಪ್ಪಿಗೆ ಇರಬಹುದು.

ಅಂಕಿಗಳು ಸರಿಯಿಲ್ಲ ಎಂದು ಒಪ್ಪಿ ಸಹಿ ಮಾಡಿದರೆ ವಿಷಯ ದೊಡ್ಡದು ಮಾಡದೆ ಮುಗಿಸುತ್ತೇವೆ ಎಂದು ದಿನಕರ ಸರ್ ಮೇಲ್ ಬರೆದಿದ್ದಾರೆ. ಆಗಸ್ಟ್ ನಾಲ್ಕರೊಳಗೆ. ಮಾಡಿಬಿಡುತ್ತೇನೆ. ಆಮೇಲೆ ಈ ಕೆಲಸ ಬೇಡ.

ನೀವು ಹೆದರಬೇಡಿ. ನಿಮ್ಮ ತೊಳೆಯುವುದರಲ್ಲಿ ಏನೂ ತಪ್ಪಿರಲಿಲ್ಲ.

ಸು.


ಮೋತಿ ಡೊಂಗರ್
೩೦ ಜುಲೈ ೨೦೨೫, ಬುಧವಾರ

ಬಾಯಾರ,

ಸಹಿ ಮಾಡಬೇಡಿರಿ. ಮೊದಲು ಇದನ್ನೇ ಬರೆಯುತ್ತೇನೆ, ಉಳಿದದ್ದು ಓದದಿದ್ದರೂ ನಡೆಯುತ್ತದೆ. ಸಹಿ ಮಾಡಬೇಡಿರಿ.

ಈ ಪತ್ರ ಮೂರು ಸಲ ಹರಿದಿದ್ದೇನೆ. ಇದು ನಾಲ್ಕನೆಯದು. ಸ್ಪೀಡ್ ಪೋಸ್ಟಿನಲ್ಲಿ ಪಾರ್ಸಲ್ ಮಾಡುತ್ತೇನೆ, ಜೊತೆಗೆ ಒಂದು ಬಾಟಲಿ ನೀರು ಇದೆ. ಅದನ್ನು ಚೆಲ್ಲಬೇಡಿರಿ.

ಹೋದ ವರ್ಷ ಶ್ರಾವಣದಲ್ಲಿ ಮಷೀನಿನ ನೀರು ಬೀಳುವ ಪ್ಲಾಸ್ಟಿಕ್ ಕ್ಯಾನು ಸೀಳಿತು. ಮಷೀನಿನ ನೀರು ಹನಿಹನಿಯಾಗಿ ಬೀಳುವುದು. ಸಂಜೆ ಹಚ್ಚಿ ಹೋದರೆ ಮುಂಜಾನೆಗೆ ತುಂಬುತ್ತದೆ. ಸ್ಟೋರಿನಲ್ಲಿ ಹೊಸ ಕ್ಯಾನು ಕೇಳಿದೆ. ಬರೆದಿಟ್ಟುಕೊಂಡಿದ್ದೇವೆ, ಬರುತ್ತದೆ ಅಂದರು. ಬರಲಿಲ್ಲ. ನೀರು ನೆಲಕ್ಕೆ ಹೋಗುತ್ತಿತ್ತು, ನಿಮಗೆ ನೀರು ಸಾಲುತ್ತಿರಲಿಲ್ಲ, ನೀವು ಆಗ ದಿನಾ ಅಳುವ ಮುಖ ಮಾಡಿಕೊಂಡು ಇರುತ್ತಿದ್ದಿರಿ. ನಾನು ಮನೆಯಿಂದ ನನ್ನ ತವರಿನ ಹಂಡೆ ತಂದು ಮಷೀನಿನ ಕೆಳಗೆ ಇಟ್ಟೆ. ತಾಮ್ರದ ಹಂಡೆ.

ಚಲೋ ನೀರು ಚಲೋ ಪಾತ್ರೆಯಲ್ಲಿ ಇರಲಿ ಎಂದು ಇಟ್ಟೆ ಬಾಯಾರ. ನಮ್ಮಲ್ಲಿ ದೇವರ ನೀರು ತಾಮ್ರದಲ್ಲೇ ಇಡುವುದು. ಬಾಣಂತಿಗೆ ಕೊಡುವ ನೀರು ತಾಮ್ರದ್ದು. ತಾಮ್ರದಲ್ಲಿ ಇಟ್ಟರೆ ನೀರು ಶುದ್ಧವಾಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದವಳು ನಾನು. ಕಾಲುಂಗುರ, ಪಿನ್ನು ತೆಗೆದಿಟ್ಟೆ, ಆದರೆ ಹಂಡೆ ಹಿಂದಿನ ಖೋಲಿಯಲ್ಲಿತ್ತು, ನಿಮ್ಮ ಲ್ಯಾಬಿನ ಒಳಗೆ ಇರಲಿಲ್ಲ. ಕಾಯಿದೆ ಒಳಗಿನದು ಎಂದು ತಿಳಿದಿದ್ದೆ. ಮುಂಜಾನೆ ಏಳಕ್ಕೆ ನಾನೊಬ್ಬಳೇ ಬಂದು ಹಂಡೆಯ ನೀರನ್ನು ನಿಮ್ಮ ಬಾಟಲಿಗಳಿಗೆ ತುಂಬುತ್ತಿದ್ದೆ. ನೀವು ಒಂಬತ್ತಕ್ಕೆ ಬರುವಿರಿ. ಆ ಖೋಲಿಗೆ ನೀವು ಕಾಲಿಟ್ಟವರೇ ಅಲ್ಲ. ಕಂಪನಿಯವರು ಬರುತ್ತಾರೆಂದು ಹಂಡೆ ಮನೆಗೆ ಒಯ್ದು, ಸೀಳಿದ ಕ್ಯಾನಿಗೇ ಎಂಸೀಲ್ ಅಂಟು ಮೆತ್ತಿ ಇಟ್ಟೆ. ನೀವು ಹೊರಟಿದ್ದೂ ಅದೇ ದಿನ.

ನೀವು ತೊಳೆಯುವ ರೀತಿ ಕೇಳಿದಾಗ ಹಂಡೆಯ ಮಾತು ಬಾಯಿಗೆ ಬಂದಿತ್ತು. ಮನೆಯ ಪಾತ್ರೆ ಇಟ್ಟದ್ದು ಸ್ಟೋರಿನವರಿಗೆ ಗೊತ್ತಾದರೆ ಲಿಸ್ಟಿನಿಂದ ತೆಗೆಯುತ್ತಾರೆ ಎಂದು ನುಂಗಿದೆ. ಇದರಿಂದ ನಿಮ್ಮ ಕೆಲಸ ಕೆಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಇದು ಖರೇ. ಆದರೆ ಗೊತ್ತಾಗಬಾರದು ಎಂದು ಆ ಕಡೆ ನೋಡಲಿಲ್ಲ, ಅದೂ ಖರೇ.

ನಿನ್ನೆ ಪಂಚಮಿ. ಹಬ್ಬಕ್ಕೆ ಮೊನ್ನೆ ರಾತ್ರಿಯೇ ಹಂಡೆ ಬೆಳಗಬೇಕಿತ್ತು. ಹುಣಸೆಹಣ್ಣು ಇರಲಿಲ್ಲ. ನೀವು ಎಸೆಯಲು ಕೊಟ್ಟ ಮುರುಗಲಿನ ಸಿಪ್ಪೆ ಚೀಲದಲ್ಲಿ ಇತ್ತು. ಅದನ್ನೇ ನೆನೆಸಿ ಹಚ್ಚಿದೆ. ಹಂಡೆಯ ತಳಕ್ಕೂ ಒಂದು ಹಿಡಿ ಹಾಕಿ, ನೀರು ಬಿಟ್ಟು ಇಟ್ಟೆ. ನಿನ್ನೆ ಮುಂಜಾನೆ ಆ ನೀರನ್ನು ಬಿಳಿ ಟಬ್ಬಿಗೆ ಸುರುವಿದೆ. ಸಿಪ್ಪೆಯ ಕೆಂಪು ಹೋಗಿ ನೀರು ಏನೋ ಒಂದು ಥರ ಹಸಿರು ಬಣ್ಣಕ್ಕೆ ತಿರುಗಿತ್ತು. ದುರ್ಗಾಬಾಯಿ ಹಬ್ಬದ ಉಂಡಿ ಕೊಡಲು ಬಂದವಳು ಬೈದಳು.

"ತಾಮ್ರದಾಗ ಹುಳಿ ಇಡತಾರೇನಬೇ ಯಾರರೆ? ಕಿಲುಬ ಏಳತೈತಿ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?"

"ನಾ ಹಂಡೇದಾಗ ಎಂದೂ ಹುಳಿ ಇಟ್ಟಾಕಿ ಅಲ್ಲ" ಅಂದೆ. ಅಂದವಳೇ ಟಬ್ಬಿನ ಮುಂದೆ ಕೂತುಬಿಟ್ಟೆ. ಹಂಡೆಯ ನೀರಿಗೆ ಹುಳಿ ಹಾಕಿದವಳು ನಾನಲ್ಲ. ನೀವು. ನಿಮ್ಮ ಫ್ಲಾಸ್ಕಿನಲ್ಲಿ. ಮೂವತ್ತೆಂಟು ಸಲ.

ನಾನು ಓದಿದವಳಲ್ಲ, ತಪ್ಪಿರಬಹುದು. ಅದಕ್ಕೇ ನೀರು ಕಳಿಸಿದ್ದೇನೆ. ಲ್ಯಾಬಿನಿಂದ ತಂದ ಮಷೀನಿನ ನೀರನ್ನು, ಮತ್ತೊಮ್ಮೆ ತೊಳೆದ ಹಂಡೆಯಲ್ಲಿ ಇಡೀ ದಿನ ಇಟ್ಟು ತುಂಬಿದ್ದು. ಇದರಲ್ಲಿ ಮಾಡಿ ನೋಡಿರಿ. ಆಗದಿದ್ದರೆ ನನ್ನನ್ನು ಹುಚ್ಚಿ ಎನ್ನಿರಿ, ನನಗೆ ಸಂತೋಷವೇ. ನಾಳೆ ದಿನಕರ ಸರ್ ಮುಂದೆ ಹೇಳುತ್ತೇನೆ. ಹೇಳಬೇಕು ಎಂದು ಬರೆದು ಬಿಟ್ಟಿದ್ದೇನೆ, ಇನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಸಾವಂತ್ರೆವ್ವ


ಪುಣೆ
೫ ಆಗಸ್ಟ್ ೨೦೨೫

ಸಾವಂತ್ರೆವ್ವನವರಿಗೆ,

ಪಾರ್ಸಲ್ ಶನಿವಾರ ಬಂತು. ಭಾನುವಾರ ಮಾಡಿದೆ. ನಾಲ್ಕನೇ ಗಂಟೆಗೆ ತಳದಲ್ಲಿ ಬಿಳಿಯಾಯಿತು. ಇಲ್ಲಿಯ ನೀರಿನಲ್ಲಿ ಒಂದು ತುಂಡು ತಾಮ್ರದ ತಂತಿ ಹಾಕಿಟ್ಟು ಸೋಮವಾರ ಮತ್ತೆ ಮಾಡಿದೆ. ಆಯಿತು. ನೀರನ್ನು ಪರೀಕ್ಷೆಗೆ ಕೊಟ್ಟೆ. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲೂ ತಾಮ್ರ ಇಲ್ಲ, ಅಷ್ಟು ಕಡಿಮೆ. ಅಷ್ಟಕ್ಕೇ ಆಗುತ್ತಿತ್ತು. ಸಿಪ್ಪೆಯ ಹುಳಿ ಆ ಚೂರು ತಾಮ್ರವನ್ನು ಹಿಡಿದುಕೊಂಡು ಕೆಲಸ ಮಾಡಿಸುತ್ತಿತ್ತು. ಹುಳಿಯನ್ನು ಮೂರು ಕಡೆ ಪರೀಕ್ಷೆ ಮಾಡಿಸಿದ ನನಗೆ ನೀರನ್ನು ಪರೀಕ್ಷಿಸಬೇಕೆಂದು ಹೊಳೆಯಲೇ ಇಲ್ಲ. ನೀರು ಎಂದರೆ ನೀರು ಎಂದುಕೊಂಡಿದ್ದೆ.

ನಾನು ಸಹಿ ಮಾಡಲಿಲ್ಲ.

ಲೋಹವಿಲ್ಲದ ವೇಗವರ್ಧಕ ಎಂದು ಅಚ್ಚಾದ ನನ್ನ ಲೇಖನವನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದರ ಕಾಗದ ಬರೆಯುತ್ತಿದ್ದೇನೆ. ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ, ಆಮೇಲೆ ನಗು ಉಳಿಯಲಿಲ್ಲ.

ನಿಮಗೆ ಸುಳ್ಳು ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ. ಹಂಡೆ ಇಟ್ಟದ್ದಕ್ಕಲ್ಲ. ಜೂನಿನಲ್ಲಿ ಕೇಳಿದೆ, ನೀವು ಹೇಳಲಿಲ್ಲ. ಜುಲೈನಲ್ಲಿ ಹೇಳಲು ಬಂದು ಹೇಳಲಿಲ್ಲ. ಆ ಒಂದು ತಿಂಗಳು ನಾನು ನನ್ನ ಕಣ್ಣುಗಳನ್ನೇ ನಂಬದೆ ಕಳೆದೆ. ನಿಮ್ಮ ಕೆಲಸದ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಹೋಗುವುದಿಲ್ಲ.

ಈಗ ಕಮಿಟಿಯ ಮುಂದೆ ಉಳಿದ ಪ್ರಶ್ನೆ ಒಂದೇ. ನೀರು ತಾಮ್ರದ ಹಂಡೆಯದು ಎಂದು ನನಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ ಅದು ತಪ್ಪು, ತಪ್ಪು ಮಾಡಿದವಳು ಮತ್ತೆ ಲ್ಯಾಬಿಗೆ ಹೋಗಬಹುದು. ಗೊತ್ತಿದ್ದರೆ ಮೋಸ. ಅಲ್ಲಿಗೆ ಮುಗಿಯಿತು. ನಾನು ಫೋನಿನ ಪರದೆಯಲ್ಲಿ ಇರುತ್ತೇನೆ, ಆದರೆ ನಿಮ್ಮನ್ನು ಕೇಳುವಾಗ ನನ್ನನ್ನು ಹೊರಗೆ ಇಡುತ್ತಾರೆ. ನೀವು ಏನು ಹೇಳುವಿರೋ ಹೇಳಿ, ನಿಮ್ಮ ಕೆಲಸವನ್ನೂ ನೋಡಿಕೊಳ್ಳಿ. ಸದ್ಯಕ್ಕೆ ನನಗೆ ಬರೆಯಬೇಡಿ.

ಸುಮೇಧಾ


ಮೋತಿ ಡೊಂಗರ್
೧೨ ಆಗಸ್ಟ್ ೨೦೨೫, ಮಂಗಳವಾರ

ಸುಮೇಧಾ ಬಾಯಿಯವರಿಗೆ,

ಬರೆಯಬೇಡ ಎಂದಿದ್ದೀರಿ. ಇದು ನನ್ನ ಸಲುವಾಗಿ ಬರೆದದ್ದಲ್ಲ, ಒಂದು ಕಾಗದದ ಸಲುವಾಗಿ. ಓದಿದ ಮೇಲೆ ಸಿಟ್ಟನ್ನು ಹಾಗೇ ಇಟ್ಟುಕೊಳ್ಳಿರಿ, ನಾನು ಬಿಡಿರಿ ಎನ್ನುವುದಿಲ್ಲ.

ನಿನ್ನೆ ಕಮಿಟಿ ಆಯಿತು. ಅದಕ್ಕೂ ಮುಂಚೆ ದಿನಕರ ಸರ್ ನನ್ನನ್ನು ತಮ್ಮ ಖೋಲಿಗೆ ಕರೆದು ಕುರ್ಚಿ ಕೊಟ್ಟರು. ಹತ್ತು ವರ್ಷದಲ್ಲಿ ಮೊದಲ ಸಲ. ನಾನು ಕುರ್ಚಿಯ ತುದಿಯಲ್ಲಿ ಕೂತೆ.

"ಸಾವಂತ್ರೆವ್ವಾ, ಹಂಡೇದ ಮಾತು ನೀ ಸುಮೇಧಾಗ ಎಂದಾದ್ರೂ ಹೇಳಿದ್ದಿರಬೇಕು. ನೆನಪ ಮಾಡ್ಕೋ."

"ಇಲ್ರಿ ಸಾಹೇಬ್ರ."

"ದಿನಾ ಅಕ್ಕಾ ಅಕ್ಕಾ ಅಂತಿದ್ಲು, ಇಬ್ರೂ ಕೂಡಿ ಚಹಾ ಕುಡೀತಿದ್ರಿ. ಒಂದ ಮಾತೂ ಬಂದಿಲ್ಲೇನು? ಪರ್ಮನೆಂಟ್ ಲಿಸ್ಟ್ ಇನ್ನೂ ನನ್ನ ಟೇಬಲ್ ಮ್ಯಾಲೇ ಅದ. ಗಾಬರಿ ಆಗಬ್ಯಾಡ, ನೆನಪ ಅಷ್ಟ ಮಾಡ್ಕೋ."

ನಿಮಗೆ ಖರೇ ಹೇಳುತ್ತೇನೆ, ಒಂದು ಕ್ಷಣ ನೆನಪು ಮಾಡಿಕೊಳ್ಳಲು ನೋಡಿದೆ. ಹೇಳಿದ್ದೆ ಎಂದು ಅನ್ನಿಸಿತು ಕೂಡ. ಹೆದರಿದವಳ ತಲೆ ಏನು ಬೇಕಾದರೂ ನೆನಪು ಮಾಡಿಕೊಡುತ್ತದೆ. ನಿಮಗೆ ನಿಮ್ಮ ನೋಟ್‌ಬುಕ್ ಬೇರೆಯವರದು ಅನ್ನಿಸಿತಂತಲ್ಲ, ಆಗ ಅದು ತಿಳಿಯಿತು. ನಾನು ಎದ್ದು ಹೊರಗೆ ಬಂದೆ.

ಕಮಿಟಿಯಲ್ಲಿ ಮೂವರು. ಪಣಜಿಯಿಂದ ಬಂದ ಕನ್ನಡಕದ ಮೇಡಂ ಒಬ್ಬರು ಭಾಳ ಕೇಳಿದರು. ಅವರದು ಇಂಗ್ಲಿಷು, ನಡುನಡುವೆ ಹಿಂದಿ. ನನ್ನ ಮಾತು ತಿಳಿಸಲು ನಿಖಿಲ ಸರ್ ಅವರನ್ನು ಕೂರಿಸಿದ್ದರು. ಹಂಡೆ ಯಾವಾಗ ಇಟ್ಟೆ, ಯಾವಾಗ ತೆಗೆದೆ, ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ ಎಂದೆ. ಅಂಕಿ ಸುಳ್ಳಿರಬಹುದಲ್ಲ, ಫ್ಲಾಸ್ಕಿನಲ್ಲಿ ಏನೂ ಆಗಿಲ್ಲದೆಯೂ ಬರೆದಿರಬಹುದಲ್ಲ ಎಂದು ಒಬ್ಬರು ಕೇಳಿದರು. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ.

"ಸಾಹೇಬ್ರ, ಬಾಯಾರು ಬರದದ್ದು ನಾ ಓದಿಲ್ಲ. ಅವರು ಮಾಡಿದ್ದು ನಾ ತೊಳದೇನಿ. ಎರಡ ವರ್ಷ ಅವರ ಫ್ಲಾಸ್ಕ ಸುಮ್ಮ ನೀರಿಗೆ ಸ್ವಚ್ಛ ಆಗತಿದ್ವು. ಹ್ವಾದ ಶ್ರಾವಣದಿಂದ ತಳಾ ಬಿಡವಲ್ದು. ಬಿಳೇ ಹರಳು, ಗಚ್ಚಿನಂಗ. ಬ್ರಶ್ಶಿಲೆ ಉಜ್ಜಿ ಉಜ್ಜಿ ತಗೀಬೇಕಿತ್ತು. ಕಾಗದದಾಗ ಸುಳ್ಳ ಬರೀಬಹುದು, ನನ್ನ ರಟ್ಟಿಗೆ ಯಾರ ಸುಳ್ಳ ಹೇಳ್ಯಾರು?"

ನಿಖಿಲ ಸರ್ ಇದನ್ನು ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಬರೆದುಕೊಂಡರು.

ಕೊನೆಗೆ ನನ್ನ ಹೇಳಿಕೆ ಟೈಪ್ ಮಾಡಿ ತಂದು ಸಹಿ ಮಾಡು ಎಂದರು. ಎರಡು ಪುಟ, ಎಲ್ಲ ಇಂಗ್ಲಿಷ್. ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನೂ ಮುಂದೆ ಇಟ್ಟಿದ್ದರು. ಓದಲಾರದ್ದಕ್ಕೆ ಸಹಿ ಮಾಡುವುದಿಲ್ಲ, ಓದಿ ಹೇಳಿರಿ ಎಂದೆ. "ನೀ ಹೇಳಿದ್ದೇ ಅದವಾ, ಎಲ್ಲಾರಿಗೂ ಹೊತ್ತಾಗೇದ" ಅಂದರು ದಿನಕರ ಸರ್. ನಿಖಿಲ ಸರ್ ಪುಟ ತೆಗೆದುಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಬಂದರು. ಎರಡನೇ ಪುಟದ ನಡುವೆ ಬಂದು ನಿಂತರು. ದಿನಕರ ಸರ್ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಓದಿದರು. ಹಂಡೆ ಇಟ್ಟ ವಿಷಯ ಸಂಶೋಧಕಿಗೆ, ಅಂದರೆ ನಿಮಗೆ, ತಿಳಿದಿತ್ತು ಎಂದು ನನಗೆ 'ನೆನಪು' ಇದೆ ಅಂತ ಅದರಲ್ಲಿತ್ತು.

"ಇದು ನಾ ಹೇಳಿಲ್ಲ" ಅಂದೆ.

ಟೈಪಿಂಗಿನಲ್ಲಿ ಆಗಿರಬೇಕು ಎಂದು ಯಾರೋ ಅಂದರು. ಅರ್ಥ ದೊಡ್ಡದಾಗಿ ಬದಲಾಗುವುದಿಲ್ಲ ಎಂದು ಇನ್ನೊಬ್ಬರು. ನಾನು ಪೆನ್ನು ಕೆಳಗೆ ಇಟ್ಟೆ. "ಆ ಸಾಲು ಹೊಡದ ಹಾಕ್ರಿ. ಹೊಡದ ಮ್ಯಾಲೆ ಸಹಿ." ಕನ್ನಡಕದ ಮೇಡಂ ಕಾಗದ ತಮ್ಮ ಕಡೆಗೆ ಎಳೆದುಕೊಂಡು ಒಂದು ಸಾಲು ಗೀಚಿ ಹೊಡೆದರು. ಬದಿಗೆ ತಮ್ಮ ಸಣ್ಣ ಸಹಿ ಹಾಕಿದರು. ಆಮೇಲೆ ನಾನು ಕನ್ನಡದಲ್ಲಿ ನನ್ನ ಪೂರಾ ಹೆಸರು ಬರೆದೆ. ಅವಸರ ಮಾಡಲಿಲ್ಲ.

ಇವತ್ತು ಮುಂಜಾನೆ ನನ್ನನ್ನು ಕೆಲಸಕ್ಕೆ ಇಟ್ಟ ಕಂತ್ರಾಟದಾರನ ಮನುಷ್ಯ ಗೇಟಿನಲ್ಲೇ ನನ್ನ ಕಾರ್ಡು ಇಸಿದುಕೊಂಡ. ನಾಳೆಯಿಂದ ಬರಬೇಡ ಅಂದ. ಮನೆಗೆ ಬಂದು ಹೇಳಿದೆ. ನಮ್ಮವರು ಗೋಡೆಗೆ ತಿರುಗಿ ಮಲಗಿದರು. ಅಲ್ಲಿಂದಲೇ, "ಒಂದ ಸಾಲಿನ ಸಲುವಾಗಿ!" ಅಂದರು. ಬೈದದ್ದೋ ಏನೋ ತಿಳಿಯಲಿಲ್ಲ. ದುರ್ಗಾಬಾಯಿ ಎರಡು ಮನೆಯ ಪಾತ್ರೆ ಕೆಲಸ ನೋಡಿದ್ದಾಳೆ. ಅದು ಆಗುತ್ತದೆ, ಆಗದೆಯೂ ಇರಬಹುದು.

ಈಗ ನಾನು ಬರೆದ ಕಾರಣ. ಸಹಿ ಮಾಡಿ ಹೊರಗೆ ಬಂದಾಗಿನಿಂದ ನನಗೆ ಒಂದೇ ಯೋಚನೆ. ಮೇಡಂ ಹೊಡೆದದ್ದು ಅದೇ ಸಾಲೋ, ಅದರ ಮೇಲಿನದೋ? ನಿಖಿಲ ಸರ್ ತೋರಿಸಿದರು, ಇದೇ ಎಂದರು. ಅವರ ಮೇಲೆ ಅನುಮಾನವಿಲ್ಲ, ಆದರೆ ಅವರೂ ಅವಸರದಲ್ಲಿದ್ದರು. ನನಗೆ ಇಂಗ್ಲಿಷ್ ಅಕ್ಷರಗಳೆಲ್ಲ ಒಂದೇ ಥರ ಕಾಣುತ್ತವೆ. ಒಂದು ನಕಲು ಕೊಡದೆ ಹೋಗುವುದಿಲ್ಲ ಎಂದು ನಿಂತು ಇಸಿದುಕೊಂಡಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ. ಎರಡನೇ ಪುಟ, ಗೀಟು ಹೊಡೆದ ಸಾಲು. ನೀವು ಓದಿ ನೋಡಿರಿ.

ಸರಿಯಾದ ಸಾಲೇ ಆಗಿದ್ದರೆ ನೀವು ಏನೂ ಬರೆಯುವುದು ಬೇಡ. ಬೇರೆ ಸಾಲಾಗಿದ್ದರೆ ಒಂದೇ ಒಂದು ಗೆರೆ ಬರೆದು ಹಾಕಿರಿ. ಈಗ ಕೆಲಸದ ಹೊತ್ತೂ ಇಲ್ಲ, ಕಾಯಿದೆಯೂ ಇಲ್ಲ. ಗೇಟಿನಲ್ಲಿ ಬಿಡದಿದ್ದರೆ ಪಣಜಿಯ ಮೇಡಂ ಮನೆಗೆ ಹೋಗುತ್ತೇನೆ, ಅವರು ಆ ಸಾಲು ಹೊಡೆದು ಹಾಕುವ ತನಕ ಬಾಗಿಲಲ್ಲಿ ಕೂರುತ್ತೇನೆ.

ಸಾವಂತ್ರೆವ್ವ